ಮಳೆ ರಜೆಯ ಆದೇಶದಲ್ಲಿ ಇನ್ನೊಂದೇ ಒಂದು ಸಾಲು ಬರೆಯಿರಿ

ಶಿವಮೊಗ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿಯ ನಮಸ್ಕಾರ.

ಪ್ರತಿ ಮಳೆಗಾಲ ನಿಮ್ಮ ಕಡೆಯಿಂದ ಒಂದು ಆದೇಶ ಹೊರಡುತ್ತದೆ. ಭಾರಿ ಮಳೆ ಇರುವುದರಿಂದ ಅಂಗನವಾಡಿಗೆ, ಪ್ರಾಥಮಿಕ ಶಾಲೆಗೆ, ಹೈಸ್ಕೂಲಿಗೆ ಇವತ್ತು ರಜೆ. ಈ ರಜೆಯನ್ನು ಮುಂದೆ ಸರಿದೂಗಿಸಬೇಕು. ಹೆಚ್ಚು ಕಡಿಮೆ ಇಷ್ಟೇ. ಅದರಲ್ಲಿ ಮಕ್ಕಳ ವಿಚಾರ ಇದೆ, ಸರಿದೂಗಿಸುವ ವಿಚಾರ ಇದೆ. ಆ ದಿನ ಟೀಚರ್ ಎಲ್ಲಿರಬೇಕು, ಏನು ಮಾಡಬೇಕು ಅನ್ನೋದು ಇಲ್ಲ. ನಾನು 31 ವರ್ಷ ನೌಕರಿ ಮಾಡಿದೆ, ಅಷ್ಟೂ ವರ್ಷ ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನಲ್ಲೇ. ನನ್ನ ಶಾಲೆಗೆ ಬಂದ ಮಳೆ ರಜೆಯ ಒಂದೇ ಒಂದು ಆದೇಶದಲ್ಲೂ ಆ ಸಾಲು ಸಿಗಲಿಲ್ಲ. ಸಿಗದಿದ್ದರೆ ಏನಾಗುತ್ತದೆ ಅಂದರೆ, ಒಬ್ಬೊಬ್ಬ ಅಧಿಕಾರಿ ಒಂದೊಂದು ಅರ್ಥ ಮಾಡುತ್ತಾರೆ, ಒಂದೇ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಊರಿನ, ಎರಡು ಶಾಲೆಯಲ್ಲಿ ಎರಡು ಕಾನೂನು ನಡೆಯುತ್ತದೆ.

ಈಗ ಯಾಕೆ ಬರೆಯುತ್ತಿದ್ದೀರಿ ಅಂತ ಕೇಳಬಹುದು. ನಿವೃತ್ತಿ ಆಗಿದೆ ಸಾರ್, ಈಗ ನನಗೆ ನೋಟಿಸ್ ಕೊಡಲು ಬರುವುದಿಲ್ಲ. ಅದೇ ಕಾರಣ. ನೌಕರಿಯಲ್ಲಿ ಇರುವವರು ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುತ್ತಾರೆ, ಬರೆಯುವುದಿಲ್ಲ.

ಎರಡು ದಿನದ ಕತೆ ಹೇಳುತ್ತೇನೆ. ಎರಡೂ ನನ್ನವೇ. ಊರು, ಶಾಲೆ ಹೆಸರು ಬೇಡ, ಆಗಿನ ಅಧಿಕಾರಿಗಳ ಹೆಸರಂತೂ ಬೇಡವೇ ಬೇಡ.

ಮೊದಲನೆಯದು ಪುನರ್ವಸು ಮಳೆಯ ಒಂದು ಬೆಳಗ್ಗೆ. ರಾತ್ರಿಯಿಡೀ ಹೊಯ್ದಿತ್ತು, ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಫೋನು ಸತ್ತು ಬಿದ್ದಿತ್ತು. ನಾನು ಏಳು ಗಂಟೆ ಬಸ್ಸಿಗೆ ಹೊರಟೆ. ಏಳೂ ಮುಕ್ಕಾಲಿಗೋ ಏನೋ ವಾಟ್ಸಾಪ್ ಗ್ರೂಪಿನಲ್ಲಿ ರಜೆ ಮೆಸೇಜ್ ಬಂತಂತೆ. ನಮ್ಮ ಬಸ್ಸು ಆಗ ಕಾಡಿನ ಮಧ್ಯೆ ಇತ್ತು, ಅಲ್ಲಿ ಚಾರ್ಜ್ ಇದ್ದ ಫೋನಿಗೂ ಸಿಗ್ನಲ್ ಇಲ್ಲ. ಶಾಲೆ ಮುಟ್ಟಿದರೆ ಜಗಲಿಯಲ್ಲಿ ಮೂರು ಮಕ್ಕಳು. ಅಣ್ಣ, ತಂಗಿ, ಇನ್ನೊಬ್ಬ ಪಕ್ಕದ ಮನೆಯವನು. ಮೂವರೂ ಎರಡು ಕಿಲೋಮೀಟರ್ ನಡೆದು, ಒಂದು ಸಂಕ, ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಾಲುಸೇತುವೆ, ದಾಟಿ ಬಂದಿದ್ದರು. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕಾಲ ಬೆರಳ ಸಂದಿಯಲ್ಲಿ ರಕ್ತ ಹೀರುವ ಉಂಬಳ, ಪುಸ್ತಕ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ. ಅಡುಗೆಯವರು ಪುಣ್ಯಕ್ಕೆ ಶಾಲೆ ಪಕ್ಕದಲ್ಲೇ ಇದ್ದರು, ಬಂದು ಒಲೆ ಹಚ್ಚಿದರು. ಮಕ್ಕಳ ಅಂಗಿ ಒಣಗಿಸಿ, ಹಾಲಿನ ಪುಡಿ ಕದಡಿ ಬಿಸಿ ಹಾಲು ಕೊಟ್ಟು, ಮಳೆ ಸ್ವಲ್ಪ ಹಿಡಿದ ಮೇಲೆ ನಾನೇ ಅವರನ್ನು ಸಂಕ ದಾಟಿಸಿ ಮನೆಗೆ ಬಿಟ್ಟು ಬಂದೆ. ವಾಪಸ್ ಬರುವಾಗ ಆ ಸಂಕದ ಮೇಲೆ ನನ್ನ ಕಾಲು ನಡುಗಿದ್ದು ಇವತ್ತಿಗೂ ನೆನಪಿದೆ. ಕೆಳಗೆ ನೀರು ಕೆಂಪಗೆ, ಸಂಕದ ದಬ್ಬೆಗೆ ತಾಗಿಕೊಂಡೇ ಓಡುತ್ತಿತ್ತು.

ಮಾರನೇ ದಿನ ಆಗಿನ ಅಧಿಕಾರಿಯಿಂದ ನನಗೆ ಬೈಗುಳ ಬಂತು. ರಜೆ ಇರುವಾಗ ಶಾಲೆ ಬಾಗಿಲು ಯಾಕೆ ತೆಗೆದಿರಿ, ಮಕ್ಕಳಿಗೆ ಏನಾದರೂ ಆಗಿದ್ದರೆ ಯಾರು ಹೊಣೆ, ನಿಮಗೆ ಆದೇಶ ಓದಲು ಬರುವುದಿಲ್ಲವಾ ಅಂತ.

ಎರಡನೆಯದು ಅದಾಗಿ ಮೂರು ನಾಲ್ಕು ವರ್ಷದ ಮೇಲೆ. ಆಗ ಬೇರೆ ಅಧಿಕಾರಿ. ಆ ದಿನ ರಜೆ ಹಿಂದಿನ ಸಂಜೆಯೇ ಘೋಷಣೆ ಆಗಿತ್ತು. ಹಾದಿಯಲ್ಲಿ ದೊಡ್ಡ ಅಕೇಶಿಯಾ ಮರ ಅಡ್ಡ ಬಿದ್ದಿತ್ತು, ಅದರಾಚೆ ಧರೆ ಕುಸಿದು ಅರ್ಧ ರಸ್ತೆ ಮಣ್ಣು. ಹಿಂದೆ ತಿಂದ ಬೈಗುಳ ನೆನಪಿತ್ತಲ್ಲ, ನಾನು ಮನೆಯಲ್ಲೇ ಉಳಿದೆ. ಮಕ್ಕಳ ಮನೆಗಳಿಗೆ ಸಂಜೆಯೇ ಸುದ್ದಿ ಮುಟ್ಟಿಸಿದ್ದೆ. ಒಂದು ವಾರಕ್ಕೆ ಕಾರಣ ಕೇಳಿ ನೋಟಿಸ್. ರಜೆ ಮಕ್ಕಳಿಗೆ ಮಾತ್ರ, ಶಿಕ್ಷಕರು ಶಾಲೆಯಲ್ಲಿ ಹಾಜರಿರಬೇಕಿತ್ತು, ಗೈರಾಗಿದ್ದು ಏಕೆ ಅಂತ. ನಾನು ಉತ್ತರ ಬರೆದೆ: ಮರ ಬಿದ್ದಿತ್ತು, ಧರೆ ಕುಸಿದಿತ್ತು, ಆದೇಶದಲ್ಲಿ ಶಿಕ್ಷಕರು ಬರಬೇಕು ಅಂತ ಇರಲಿಲ್ಲ. ಆ ಉತ್ತರಕ್ಕೆ ಉತ್ತರ ಬರಲಿಲ್ಲ. ಆ ದಿನದ ಹಾಜರಿ ಕಾಲಂ ಸರಿಪಡಿಸಲು ಮಾತ್ರ ನನ್ನದೇ ಒಂದು ರಜೆ ಬರೆದುಕೊಡಬೇಕಾಯಿತು.

ಬಂದರೂ ತಪ್ಪು, ಬಾರದಿದ್ದರೂ ತಪ್ಪು. ಇದರಲ್ಲಿ ಯಾರೋ ಕೆಟ್ಟ ಅಧಿಕಾರಿ ಇದ್ದರು ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ಅವರವರ ಪ್ರಕಾರ ಸರಿಯೇ. ಆದೇಶದಲ್ಲಿ ಖಾಲಿ ಜಾಗ ಇತ್ತು, ಒಬ್ಬರು ಹೀಗೆ ತುಂಬಿದರು, ಇನ್ನೊಬ್ಬರು ಹಾಗೆ ತುಂಬಿದರು.

ಈಗ ಊರವರ ಮಾತಿಗೆ ಬರುತ್ತೇನೆ, ಯಾಕೆಂದರೆ ಈ ಪತ್ರ ಓದಿ ಮೊದಲು ನಗುವವರು ಅವರೇ. ಮಳೆ ಬಂದರೆ ಮೇಷ್ಟ್ರಿಗೆ ಹಬ್ಬ, ಮನೆಯಲ್ಲಿ ಕೂತು ಪತ್ರೊಡೆ ತಿಂತಾರೆ ಅಂತ. ನಿಜ ಹೇಳಬೇಕಲ್ಲ, ತಿಂದಿದ್ದೇನೆ. ಮಳೆ ರಜೆ ಬಂತು ಅಂತ ಖುಷಿ ಪಟ್ಟ ದಿನವೂ ಇದೆ. ರಜೆ ಸಿಕ್ಕಿದ್ದೇ ಸಿಕ್ಕಿದ್ದು ಅಂತ ಮಕ್ಕಳ ಮನೆಗೆ ಒಂದು ಫೋನ್ ಕೂಡ ಮಾಡದ ಸಹೋದ್ಯೋಗಿಗಳನ್ನೂ ನೋಡಿದ್ದೇನೆ, ಗ್ರೂಪಿನಲ್ಲಿ ಮೆಸೇಜ್ ಫಾರ್ವರ್ಡ್ ಮಾಡಿದರೆ ಕೆಲಸ ಮುಗಿಯಿತು ಅನ್ನುವವರು. ಆ ಗ್ರೂಪಿನಲ್ಲಿ ಇರುವುದು ಆಂಡ್ರಾಯ್ಡ್ ಫೋನ್ ಇರುವ ಅಪ್ಪಂದಿರು ಮಾತ್ರ. ಬೆಳಗ್ಗೆ ಆರಕ್ಕೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯಲು, ಅಥವಾ ಗದ್ದೆಗೆ ನಾಟಿಗೆ ಕೂಲಿ ಹೊರಟ ಅಮ್ಮ ಅದನ್ನು ನೋಡುವುದು ಸಂಜೆಗೆ. ಹಾಗಾಗಿ ಟೀಚರಿಂದ ಏನೂ ಕೇಳಬೇಡಿ ಅನ್ನೋದು ನನ್ನ ವಾದ ಅಲ್ಲ. ಕೇಳಿ, ಜಾಸ್ತಿಯೇ ಕೇಳಿ. ಏನು ಅಂತ ಬರೆದು ಕೇಳಿ.

ಇನ್ನೊಂದು ಮಾತೂ ಇದೆ. ರಜೆ ಕೊಟ್ಟರೆ ಎಲ್ಲ ಮಕ್ಕಳೂ ಬೆಚ್ಚಗೆ ಮನೆಯಲ್ಲಿ ಕೂತಿರುತ್ತಾರೆ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮನೆಗಿಂತ ಶಾಲೆಯೇ ಬೆಚ್ಚಗೆ. ಮನೆ ಹಂಚು ಸೋರುತ್ತಿರುತ್ತದೆ, ಸೌದೆ ಹಸಿ, ಅಪ್ಪ ಅಮ್ಮ ಇಬ್ಬರೂ ಕೂಲಿಗೆ. ಶಾಲೆಯಲ್ಲಿ ಹಾಲು ಇದೆ, ಮಧ್ಯಾಹ್ನ ಬಿಸಿಯೂಟ ಇದೆ. ಎಂಟು ದಿನ ರಜೆ ಅಂದರೆ ಎಂಟು ಊಟ ಹೋಯಿತು. ಒಂದು ಸಲ ಒಬ್ಬ ತಾಯಿ ನನ್ನ ಹತ್ತಿರ, ಅಕ್ಕೋರೇ ರಜೆ ಕೊಡಬೇಡಿ ಅಂತ ಹೇಳಿ, ಮಗು ಒಂದೇ ಮನೇಲಿ ಇರುತ್ತೆ, ಮನೆ ಹಿಂದೆನೇ ಹಳ್ಳ ಅಂದಳು. ಶಾಲೆ ದಾರಿಯಲ್ಲಿ ಹಳ್ಳ ಇದೆ ಅಂತ ನಾವು ರಜೆ ಕೊಡುತ್ತೇವೆ, ಮನೆ ಹಿಂದೆ ಹಳ್ಳ ಇದೆ ಅಂತ ಅವಳು ಶಾಲೆಗೆ ಕಳಿಸುತ್ತಾಳೆ. ಏನು ಹೇಳಲಿ ಅವಳಿಗೆ? ಏನೂ ಹೇಳಲಿಲ್ಲ. ಪಕ್ಕದ ಮನೆ ಅಜ್ಜಿ ಹತ್ತಿರ ಮಾತಾಡಿ, ರಜೆ ದಿನ ಮಗು ಅಲ್ಲಿರುವ ಹಾಗೆ ಮಾಡಿದೆ. ಇದೂ ಟೀಚರ್ ಕೆಲಸವೇ. ಯಾವ ಸುತ್ತೋಲೆಯಲ್ಲೂ ಇಲ್ಲ ಅಷ್ಟೇ.

ಹಾಗಂತ ರಜೆ ಕೊಡುವುದೇ ತಪ್ಪು ಅನ್ನುವ ಧೈರ್ಯ ನನಗಿಲ್ಲ. 2022ರ ಮಳೆಗಾಲದಲ್ಲಿ ಘಟ್ಟದ ಕೆಳಗೆ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳ ಪಾಲಾದಳು. ಆ ಸುದ್ದಿ ಓದಿದ ದಿನ ನಮ್ಮ ಕಡೆ ಯಾವ ಟೀಚರಿಗೂ ಊಟ ಸೇರಿರಲಿಕ್ಕಿಲ್ಲ. ನಮಗೆಲ್ಲ ಒಂದೊಂದು ಸಂಕ ಕಣ್ಣ ಮುಂದೆ ಬಂದಿರುತ್ತದೆ.

ಕಾನೂನಿನ ಮಾತು ಸ್ವಲ್ಪ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಲೇಬೇಕು ಅನ್ನುತ್ತದೆ. ಟೀಚರಿಗೆ ವಾರಕ್ಕೆ 45 ಗಂಟೆ, ತಯಾರಿ ಸೇರಿ. ಅದೇ ಕಾಯ್ದೆಯ 27ನೇ ಸೆಕ್ಷನ್ ಟೀಚರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕಬೇಡಿ ಅನ್ನುತ್ತದೆ, ಮೂರು ಕೆಲಸ ಬಿಟ್ಟು: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ. ಈ ಮೂರನೆಯದು ನಮಗೆ ಸಂಬಂಧಪಟ್ಟಿದ್ದು. ಅಂದರೆ ನೆರೆ ಬಂದಾಗ ನೀವು ಟೀಚರನ್ನು ಕರೆಯಬಹುದು, ಕಾನೂನು ಬೇಡ ಅನ್ನುವುದಿಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಶಿವಮೊಗ್ಗ ಪೇಟೆಯ ಬೀದಿಗಳಿಗೇ ನುಗ್ಗಿತಲ್ಲ, ಅಂಥಾ ಹೊತ್ತಿನಲ್ಲಿ ಶಾಲೆಯೇ ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಆಗುತ್ತದೆ. ಬೀಗದ ಕೈ ಇರುವುದು ನಮ್ಮ ಹತ್ತಿರ, ಯಾವ ಕೋಣೆ ಸೋರುತ್ತದೆ, ಯಾವ ನಲ್ಲಿ ಕೆಟ್ಟಿದೆ ಗೊತ್ತಿರುವುದು ನಮಗೆ. ಕರೆದರೆ ಬರಬೇಕಾದ್ದೇ. ಆದರೆ ಅದು ಕೆಲಸದ ದಿನ ಸಾರ್. ಕಾಳಜಿ ಕೇಂದ್ರದಲ್ಲಿ ರಾತ್ರಿ ಕಳೆದವರಿಗೆ ಆಮೇಲೆ ನಿನ್ನ ರಜೆ ಸರಿದೂಗಿಸು ಅಂತ ಭಾನುವಾರ ಕರೆಯುವುದು ಯಾವ ಲೆಕ್ಕ?

ಸರಿದೂಗಿಸುವ ಲೆಕ್ಕವನ್ನೇ ನೋಡಿ. ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಜುಲೈ ಮುಗಿಯುವುದರೊಳಗೆ ಎಂಟು ದಿನ ಹೋಯಿತು ಅಂದುಕೊಳ್ಳಿ. ಶನಿವಾರ ನಮಗೆ ಅರ್ಧ ದಿನ. ಶನಿವಾರ ಮಧ್ಯಾಹ್ನ ಶಾಲೆ ಇಟ್ಟರೆ ಅರ್ಧ ದಿನ ಸಿಗುತ್ತದೆ. ಎಂಟು ದಿನಕ್ಕೆ 16 ಶನಿವಾರ. ಆಗಸ್ಟ್ ನಡುವಿನಿಂದ ಶುರು ಮಾಡಿದರೆ ದಸರಾ ರಜೆ ಬಿಟ್ಟು ಡಿಸೆಂಬರಿಗೆ ಮುಟ್ಟುತ್ತದೆ. ಆಗ ಅಡಿಕೆ ಗೊನೆ ಕೊಯ್ಲು, ಮನೆಮನೆಯಲ್ಲಿ ಸುಲಿಯುವ ಕೆಲಸ, ಶನಿವಾರ ಮಧ್ಯಾಹ್ನ ತರಗತಿಯಲ್ಲಿ ಐದು ಜನ ಇದ್ದರೆ ಪುಣ್ಯ. ಇದ್ದ ಐವರಿಗೂ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಮನಸ್ಸು ಮನೆಯಲ್ಲಿ. ರಿಜಿಸ್ಟರಿನಲ್ಲಿ ಮಾತ್ರ ದಿನ ತುಂಬುತ್ತದೆ. ಇದು ಎಲ್ಲರಿಗೂ ಗೊತ್ತು, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಇದಕ್ಕೆ ಮೇಲೆ, ಮಳೆ ರಜೆಯ ದಿನ ಟೀಚರ್ ಶಾಲೆಗೆ ಬಂದು ಖಾಲಿ ಕೋಣೆಯಲ್ಲಿ ಸಂಜೆ ತನಕ ಕೂತರು ಅಂತ ಇಟ್ಟುಕೊಳ್ಳಿ, ಆ ದಿನ ಅವರ ಲೆಕ್ಕದಲ್ಲಿ ಕೆಲಸ. ಮತ್ತೆ ಅದೇ ದಿನಕ್ಕೆ ಶನಿವಾರ ಎರಡು ಸಲ ಬಂದರು. ಒಂದು ದಿನಕ್ಕೆ ಎರಡು ದಿನ ದುಡಿದ ಹಾಗೆ ಆಯಿತು. ನಮ್ಮದು ಬೇಸಿಗೆ, ದಸರಾ ರಜೆ ಇರುವ ಇಲಾಖೆ ಅಂತ ಗಳಿಕೆ ರಜೆಯೂ ಬೇರೆ ನೌಕರರಷ್ಟು ಇಲ್ಲ. ಅತಿಥಿ ಶಿಕ್ಷಕರ ಪಾಡಂತೂ ಕೇಳಲೇಬೇಡಿ. ಅವರಿಗೆ ಕೊಡುವ ಗೌರವಧನದಲ್ಲಿ ತಿಂಗಳ ಬಸ್ ಖರ್ಚೇ ಒಂದು ಪಾಲು.

ಖಾಲಿ ಕೋಣೆಯಲ್ಲಿ ಕೂರುವುದು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಲೆನಾಡಿನ ಶಾಲೆಯ ಟೀಚರ್ ಬಹಳ ಜನ ಶಾಲೆ ಊರಲ್ಲಿ ಇರುವುದಿಲ್ಲ. ಇರಬೇಕು ಅಂತ ನೀವು ಹೇಳಬಹುದು, ಬಾಡಿಗೆ ಮನೆ ಇದ್ದರೆ ತಾನೇ? ಮೂವತ್ತು ನಲವತ್ತು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಿಂದ ಬರುತ್ತಾರೆ. ಬಸ್ಸಿಳಿದು ನಡೆಯುವವರಿದ್ದಾರೆ, ಸ್ಕೂಟಿಯಲ್ಲಿ ಬರುವ ಹೆಣ್ಣುಮಕ್ಕಳಿದ್ದಾರೆ. ಅದೇ ಧರೆ ಕುಸಿಯುವ ರಸ್ತೆ, ಅದೇ ಮರ ಬೀಳುವ ತಿರುವು, ಅದೇ ನೀರು ಹತ್ತುವ ಸೇತುವೆ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆ ಕೆಲಸ ಮಾಡಿದ ನನ್ನ ಗೆಳತಿ ಹೇಳುತ್ತಿದ್ದಳು, ಗಾಳಿ ಜೋರಾದರೆ ಹೊಳೆಬಾಗಿಲಲ್ಲಿ ಲಾಂಚ್ ನಿಲ್ಲಿಸುತ್ತಾರೆ, ಆಗ ಈಚೆ ಇದ್ದವರು ಈಚೆ, ಆಚೆ ಇದ್ದವರು ಆಚೆ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು, ಆ ಕಷ್ಟ ತಪ್ಪಿತು. ಒಳ್ಳೆಯದಾಯಿತು. ಆದರೆ ಶರಾವತಿ ಹಿನ್ನೀರಿಗೆ ಎರಡೂವರೆ ಕಿಲೋಮೀಟರ್ ಸೇತುವೆ ಬಂದ ಜಿಲ್ಲೆಯಲ್ಲೇ, ಹತ್ತು ಮಾರು ಅಗಲದ ಹಳ್ಳಕ್ಕೆ ಇನ್ನೂ ಅಡಿಕೆ ಮರದ ಸಂಕ ಇದೆ. ಅದು ಬೇರೆ ಪತ್ರ ಬಿಡಿ.

ಮಗುವಿಗೆ ಅಪಾಯ ಅಂತ ರಜೆ ಕೊಟ್ಟ ರಸ್ತೆಯಲ್ಲಿ ಟೀಚರ್ ಮಾತ್ರ ಹೇಗೆ ಹೋಗಬೇಕು? ಹೋಗಿ ಏನು ಮಾಡಬೇಕು? ಕಚೇರಿಯವರು ಹೇಳುವುದು, ದಾಖಲೆ ಬರೆಯಿರಿ, ಮಕ್ಕಳ ವಿವರದ ಆನ್‌ಲೈನ್ ದಾಖಲೆ ಎಸ್‌ಎಟಿಎಸ್ ಅಪ್‌ಡೇಟ್ ಮಾಡಿ. ಕರೆಂಟ್ ಇಲ್ಲ, ನೆಟ್ ಇಲ್ಲ, ಕಿಟಕಿಯಿಂದ ಎರಚಲು ಹೊಡೆದು ಟೇಬಲ್ ಒದ್ದೆ. ಆ ದಿನ ಯಾವ ಅಪ್‌ಡೇಟೂ ಆಗುವುದಿಲ್ಲ. ಮನೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಮಾಡಿ ಅಂತ ಹೇಳುವವರೂ ಹುಟ್ಟಿಕೊಂಡಿದ್ದಾರೆ, ಕೊರೋನಾ ಆದ ಮೇಲೆ. ಅವರಿಗೆ ಕೈ ಮುಗಿಯುತ್ತೇನೆ. ಕೊರೋನಾ ಕಾಲದಲ್ಲಿ ಮಲೆನಾಡಿನಲ್ಲಿ ನಡೆದದ್ದು ಆನ್‌ಲೈನ್ ಅಲ್ಲ, 2020ರ ವಿದ್ಯಾಗಮ. ನಾವೇ ಊರೂರಿಗೆ ಹೋಗಿ, ಜಗಲಿ ಮೇಲೆ, ದೇವಸ್ಥಾನದ ಪೌಳಿಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆವು. ಅದು ಬಿಸಿಲಿದ್ದರೆ ಆಗುವ ಮಾತು. ಆಶ್ಲೇಷ ಮಳೆಯಲ್ಲಿ ಯಾರ ಜಗಲಿಗೆ ಹೋಗೋದು?

ನನ್ನ ಪ್ರಕಾರ ಮಳೆಗಾಲದಲ್ಲಿ ಟೀಚರಿಂದ ನಿರೀಕ್ಷೆ ಮಾಡಬೇಕಾದ್ದು ಮೂರು ಹೊತ್ತಿನಲ್ಲಿ ಇದೆ, ಅದರಲ್ಲಿ ಮಳೆ ಹೊಯ್ಯುವ ದಿನದ್ದೇ ಕಡಿಮೆ.

ಜಾಸ್ತಿ ಕೆಲಸ ಇರುವುದು ಮಳೆಗೆ ಮುಂಚೆ. ಜೂನ್ ಮೊದಲ ವಾರದಲ್ಲೇ ಯಾವ ಮಗು ಯಾವ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಹಳ್ಳ ಇದೆಯಾ, ಮನೆಯಲ್ಲಿ ಫೋನ್ ಇದೆಯಾ, ಇಲ್ಲದಿದ್ದರೆ ಹತ್ತಿರದ ಯಾರ ಮನೆಗೆ ಹೇಳಿದರೆ ಸುದ್ದಿ ಮುಟ್ಟುತ್ತದೆ, ಇಷ್ಟು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಬೇಕು. ನಾನು ಆ ಮೂರು ಮಕ್ಕಳ ಬೆಳಗ್ಗೆಯ ನಂತರ ಪ್ರತಿ ವರ್ಷ ಮಾಡಿದೆ. ನಮ್ಮ ಶಾಲೆಗೆ ಐದು ಮಜರೆ, ಅಂದರೆ ಊರಿಗೆ ಸೇರಿದ ಸಣ್ಣ ಹಳ್ಳಿಗಳು, ಮಜರೆಗೆ ಒಬ್ಬರಂತೆ ಐದು ಜನ ಸಿಕ್ಕರು. ಒಬ್ಬರು ಹಾಲಿನ ಡೈರಿಯವರು, ಒಬ್ಬರು ಆಶಾ ಕಾರ್ಯಕರ್ತೆ, ಉಳಿದವರು ಪೋಷಕರ ಶಾಲಾ ಸಮಿತಿಯಾದ ಎಸ್‌ಡಿಎಂಸಿಯವರು. ಡೈರಿಯವರೇ ಎಲ್ಲರಿಗಿಂತ ಉಪಯೋಗ, ಬೆಳಗ್ಗೆ ಆರೂವರೆಗೆ ಅರ್ಧ ಊರು ಅವರ ಮುಂದೆ ಕ್ಯಾನ್ ಹಿಡಿದು ನಿಂತಿರುತ್ತದೆ! ಕೊನೇ ವರ್ಷಗಳಲ್ಲಿ ರಜೆ ಗೊತ್ತಾಗದೆ ಒಂದು ಮಗುವೂ ಶಾಲೆಗೆ ಬರಲಿಲ್ಲ.

ಜೊತೆಗೆ ಒಂದು ಮಳೆ ಚೀಲ. ಇದಕ್ಕೆ ದುಡ್ಡೇನೂ ಬೇಡ. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ದಿನಕ್ಕೆ ಆಗುವಷ್ಟು ಲೆಕ್ಕದ ಹಾಳೆ, ಓದುವ ಒಂದು ಕತೆ ಪುಸ್ತಕ, ಖಾಲಿ ಹಾಳೆ, ಒಂದು ಪೆನ್ಸಿಲ್. ಜೂನಿನಲ್ಲೇ ಮಗುವಿನ ಮನೆಗೆ. ದೊಡ್ಡ ಮಕ್ಕಳಿಗೆ ಒಂದು ನೆಟ್ಟಗಿನ ಬಾಟಲಿ ಕತ್ತರಿಸಿ, ಸ್ಕೇಲ್ ಅಂಟಿಸಿ ಮಳೆ ಅಳೆಯಲು ಕೊಡುತ್ತಿದ್ದೆ. ಅಂಗಳದಲ್ಲಿ ಇಟ್ಟು ದಿನಾ ಬೆಳಗ್ಗೆ ಬರೆಯಬೇಕು. ಒಬ್ಬ ಹುಡುಗ ರಜೆ ಮುಗಿಸಿ ಬಂದು, ಬಾಟಲಿ ತುಂಬಿ ಹೊರಗೆ ಹೋಗಿದೆ ಟೀಚರ್, ಎಷ್ಟು ಅಂತ ಬರೀಲಿ ಅಂದ. ತುಂಬಿ ಚೆಲ್ಲಿತು ಅಂತ ಬರಿ ಅಂದೆ. ಗಣಿತ ಮೇಷ್ಟ್ರು ನಕ್ಕರು. ಆ ಹುಡುಗನಿಗೆ ಮಿಲಿಮೀಟರ್ ಅಂದರೆ ಏನು ಅಂತ ಮತ್ತೆ ಹೇಳಿಕೊಡಬೇಕಾಗಲಿಲ್ಲ. ಇಂಥಾ ಹತ್ತು ದಿನದ ಕೆಲಸ ಮಗು ಮಾಡಿ ತಂದರೆ ಅದರಲ್ಲಿ ಸ್ವಲ್ಪ ಪಾಲನ್ನಾದರೂ ಸರಿದೂಗಿಸಿದ ಲೆಕ್ಕಕ್ಕೆ ತೆಗೆದುಕೊಳ್ಳಲು ಆಗುತ್ತದಾ ನೋಡಿ. 16 ಶನಿವಾರದಲ್ಲಿ ಆರಾದರೂ ಉಳಿಯಲಿ.

ಮಳೆ ಹೊಯ್ಯುವ ದಿನ ಟೀಚರ್ ಫೋನ್ ಹತ್ತಿರ ಇರಬೇಕು, ಮಜರೆಗಳಿಗೆ ಸುದ್ದಿ ಮುಟ್ಟಿತು ಅಂತ ಖಾತ್ರಿ ಮಾಡಿಕೊಳ್ಳಬೇಕು, ಶಾಲೆ ಊರಲ್ಲೇ ಇರುವವರು ಒಬ್ಬರು ಬಾಗಿಲು ತೆಗೆದು ಹತ್ತು ಗಂಟೆ ತನಕ ಕಾಯಬೇಕು. ಗೊತ್ತಾಗದೆ ಬಂದ ಮಗು ಇದ್ದರೆ ಒಳಗೆ ಕೂರಿಸಬೇಕು. ಅಡುಗೆಯವರೋ ಎಸ್‌ಡಿಎಂಸಿಯವರೋ ಆದರೂ ಸಾಕು, ದೂರದ ಟೀಚರೇ ಆಗಬೇಕು ಅಂತಿಲ್ಲ. ಮತ್ತೆ ಇದನ್ನು ಮಾಡಿದವರಿಗೆ ರಜೆ ದಿನ ಬಾಗಿಲು ಯಾಕೆ ತೆಗೆದಿರಿ ಅಂತ ಬೈಯಬಾರದು.

ಮಳೆ ಬಿಟ್ಟ ಮೇಲೆ ಶಾಲೆ ತೆರೆಯುವ ದಿನ ಟೀಚರ್ ಒಂದು ಗಂಟೆ ಮುಂಚೆ ಬರಬೇಕು. ಇದನ್ನು ನೀವು ಕಡ್ಡಾಯ ಮಾಡಿ, ಒಬ್ಬರೂ ಗೊಣಗಬಾರದು. ವಾರಗಟ್ಟಲೆ ನೆನೆದ ಮಣ್ಣಿನ ಗೋಡೆ ಬೀಳುವುದು ಮಳೆ ಹೊಯ್ಯುವಾಗ ಮಾತ್ರ ಅಲ್ಲ, ಬಿಟ್ಟು ಬಿಸಿಲು ಬಂದಾಗಲೂ ಬೀಳುತ್ತದೆ. ಹಂಚು, ಪಕಾಸಿ, ಕಾಂಪೌಂಡ್, ಶೌಚಾಲಯದ ಗೋಡೆ ಎಲ್ಲ ಸುತ್ತಿ ನೋಡಬೇಕು. ಮೇನ್ ಸ್ವಿಚ್ ಮುಟ್ಟುವ ಮುಂಚೆ ಗೋಡೆ ಒದ್ದೆ ಇದೆಯಾ ನೋಡಬೇಕು. ಬಾವಿ ನೀರಿಗೆ ಬ್ಲೀಚಿಂಗ್ ಪೌಡರ್, ಅಕ್ಕಿ ಮೂಟೆ ನೆಂದಿದೆಯಾ, ಬೆಂಚಿನ ಕೆಳಗೆ ಹಾವು ಸೇರಿಕೊಂಡಿದೆಯಾ. ಹಾವು ಅಂದೆ ಅಂತ ನಗಬೇಡಿ, ಒಮ್ಮೆ ಚಿಕ್ಕ ಮಕ್ಕಳಿಗೆ ಕಲಿಸುವ ನಲಿಕಲಿ ಕಾರ್ಡಿನ ಡಬ್ಬಿ ಹಿಂದೆ ಸಿಕ್ಕಿತ್ತು.

ಇನ್ನು ರಜೆ ಕೊಡುವ ರೀತಿ. ಜಿಲ್ಲಾಧಿಕಾರಿಗಳೇ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಅಧಿಕಾರ ನಿಮ್ಮದು. ಈಗೀಗ ತಾಲ್ಲೂಕುವಾರು ರಜೆ ಕೊಡುತ್ತಿದ್ದೀರಿ, ಅದು ಒಳ್ಳೆಯದೇ. ಯಾಕೆಂದರೆ ಈ ಜಿಲ್ಲೆಗೆ ಒಂದೇ ಮಳೆ ಇಲ್ಲ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬರುತ್ತದೆ, ಶಿಕಾರಿಪುರಕ್ಕೆ ಅದರ ಐದನೇ ಒಂದು ಪಾಲು ಬಂದರೂ ಜಾಸ್ತಿಯೇ. ಹವಾಮಾನ ಇಲಾಖೆ ಒಂದು ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಅತ್ಯಂತ ಭಾರಿ ಮಳೆ ಅನ್ನುತ್ತದೆ. ಹುಲಿಕಲ್, ಮಾಸ್ತಿಕಟ್ಟೆ ಕಡೆಯವರು ಅಷ್ಟು ಮಳೆಯಲ್ಲೂ ದನ ಹೊಡೆದುಕೊಂಡು ಹೋಗುತ್ತಿರುತ್ತಾರೆ. ಅದೇ ಮಳೆ ಶಿಕಾರಿಪುರದಲ್ಲಿ ಬಿದ್ದರೆ ಕೆರೆ ಕೋಡಿ ಒಡೆದೀತು. ಹಾಗೇ ಒಂದು ತಾಲ್ಲೂಕಿನಲ್ಲೇ ಶಾಲೆ ಶಾಲೆಗೆ ಬೇರೆ. ಪೇಟೆ ಶಾಲೆಗೆ ಮಳೆ ಲೆಕ್ಕವೇ ಅಲ್ಲ, ಹಳ್ಳದ ಆಚೆ ಶಾಲೆಗೆ ಆಕಾಶ ತಿಳಿಯಾದ ದಿನವೂ ಹಳ್ಳ ಇಳಿದಿರುವುದಿಲ್ಲ. ಮಳೆಗಾಲಕ್ಕೆ ಐದೋ ಆರೋ ದಿನ, ಊರ ಹಳ್ಳ ನೋಡಿ ಎಸ್‌ಡಿಎಂಸಿ ಜೊತೆ ಮಾತಾಡಿ ಮುಖ್ಯ ಶಿಕ್ಷಕರೇ ತೀರ್ಮಾನ ಮಾಡುವ ಹಾಗೆ ಲಿಖಿತ ಅಧಿಕಾರ ಕೊಡಿ. ಬೇಕಾದರೆ ಅದೇ ದಿನ ಬಿಇಒಗೆ ತಿಳಿಸಬೇಕು ಅಂತ ಷರತ್ತು ಹಾಕಿ, ದುರುಪಯೋಗ ಆದರೆ ಕೇಳಿ. ಮತ್ತೆ ಜಿಲ್ಲೆಯ ರಜೆಯನ್ನು ಹಿಂದಿನ ಸಂಜೆಯೇ ಹೇಳಿ. ಬೆಳಗ್ಗೆ ಏಳೂವರೆಗೆ ಹೇಳುವ ರಜೆ ದಾರಿಯಲ್ಲಿರುವ ಮಗುವಿಗೆ ರಜೆಯೇ ಅಲ್ಲ.

ಕ್ಯಾಲೆಂಡರ್ ಬದಲಿಸಿ ಅಂತಲೂ ಕೆಲವರು ಕೇಳುತ್ತಾರೆ. ಕೇಳುವುದರಲ್ಲಿ ಅರ್ಥ ಇದೆ. ಕಲಬುರಗಿ ಕಡೆ ಬಿಸಿಲಿಗೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹಿಮಾಚಲದಲ್ಲಿ ಚಳಿ ಪ್ರದೇಶದ ಶಾಲೆಗಳಿಗೆ ದೊಡ್ಡ ರಜೆ ಚಳಿಗಾಲದಲ್ಲಿ. ಬೇಸಿಗೆ ರಜೆಯನ್ನು ಜೂನ್, ಜುಲೈಗೆ ಹಾಕಿದರೆ ಹೇಗೆ ಅಂತ ಕೇರಳದ ಶಿಕ್ಷಣ ಸಚಿವರೇ 2025ರಲ್ಲಿ ಚರ್ಚೆ ಎತ್ತಿದರು. ನಮ್ಮಲ್ಲೂ ಪುಷ್ಯ ಮಳೆಯ ಹದಿನೈದು ದಿನ ರಜೆ ಕೊಟ್ಟು ಮೇನಲ್ಲಿ ಬೇಗ ಶಾಲೆ ತೆರೆಯಬಹುದು. ನನಗೆ ಅನುಮಾನ ಇರುವುದು ಒಂದೇ, ಮಳೆ ಈಗ ನಕ್ಷತ್ರ ನೋಡಿಕೊಂಡು ಬರುತ್ತಿಲ್ಲ. ಪುಷ್ಯಕ್ಕೆ ರಜೆ ಕೊಟ್ಟರೆ ಅದು ಆಶ್ಲೇಷಕ್ಕೆ ಬಂದು ಕೂತುಬಿಟ್ಟರೆ? ಅದಕ್ಕೇ ನಾನು ಕ್ಯಾಲೆಂಡರ್ ಕೇಳುತ್ತಿಲ್ಲ. ಅದಕ್ಕೆ ಬೆಂಗಳೂರಿಗೆ ಕಡತ ಹೋಗಬೇಕು. ನಾನು ಕೇಳುತ್ತಿರುವುದಕ್ಕೆ ನಿಮ್ಮ ಸಹಿ ಸಾಕು.

ಆ ಸಾಲು ಹೇಗಿರಬೇಕು ಅಂತ ನಾನೇ ಬರೆದುಕೊಡುತ್ತೇನೆ, ಭಾಷೆ ನಿಮ್ಮ ಕಚೇರಿಯವರು ತಿದ್ದಿಕೊಳ್ಳಲಿ:

"ಈ ರಜೆ ಶಿಕ್ಷಕರಿಗೂ ಅನ್ವಯಿಸುತ್ತದೆ; ಶಿಕ್ಷಕರು ಮಕ್ಕಳ ಮನೆಗಳಿಗೆ ಸುದ್ದಿ ಮುಟ್ಟಿಸಿ ಫೋನಿನಲ್ಲಿ ಲಭ್ಯ ಇರಬೇಕು, ಕಾಳಜಿ ಕೇಂದ್ರ ಅಥವಾ ಬೇರೆ ತುರ್ತು ಕೆಲಸಕ್ಕೆ ಕರೆಯುವುದಾದರೆ ಲಿಖಿತ ಆದೇಶದಲ್ಲಿ ಕರೆಯಬೇಕು, ಹಾಗೆ ಬಂದ ದಿನವನ್ನು ಕೆಲಸದ ದಿನ ಎಂದೇ ಎಣಿಸಬೇಕು."

ಒಂದು ಸಾಲು ಅಂದು ಉದ್ದ ಆಯಿತು. ಟೀಚರ್ ಬರೆದದ್ದು, ಕ್ಷಮಿಸಿ. ಶಿಕ್ಷಕರು ಬರಲೇಬೇಕು ಅನ್ನುವುದೇ ನಿಮ್ಮ ಅಭಿಪ್ರಾಯ ಆದರೆ ಅದನ್ನೇ ಬರೆಯಿರಿ, ಯಾವ ರಸ್ತೆಯಲ್ಲಿ ಅಂತಲೂ ಬರೆಯಿರಿ. ಆಗಲಾದರೂ ನಮ್ಮ ಟೀಚರ್ ಹುಡುಗಿಯರಿಗೆ ಗೊತ್ತಿರುತ್ತದೆ.

ಆರಿದ್ರಾ ಮಳೆ ಹುಟ್ಟುವುದು ಜೂನ್ 22ರ ಆಸುಪಾಸು. ಆರಿದ್ರಾ ಆರದ ಹಾಗೆ ಹೊಯ್ಯುತ್ತದೆ ಅಂತ ನಮ್ಮ ಕಡೆ ಮಾತು. ಅದಕ್ಕಿಂತ ಮೊದಲು ಎಲ್ಲ ಮುಖ್ಯ ಶಿಕ್ಷಕರ ಕೈಗೆ ಇದು ಬರುವ ಹಾಗೆ ನೋಡಿಕೊಳ್ಳಿ, ಗ್ರೂಪಿನಲ್ಲಿ ಹಾಕಬೇಡಿ, ಕಾಗದದಲ್ಲಿ ಕಳಿಸಿ. ಕರೆಂಟ್ ಇಲ್ಲದಿದ್ದರೂ ಓದಬಹುದು.

ಇಂತಿ,
ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿ
ಹೊಸನಗರ ತಾಲ್ಲೂಕು

ತಾ.ಕ.: ಆ ನೋಟಿಸಿನ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಮಳೆಗೆ ನೆನೆದು ಸಹಿ ಅಳಿಸಿಹೋಗಿದೆ, ಹಾಗಾಗಿ ಯಾರು ಕೊಟ್ಟದ್ದು ಅಂತ ಕೇಳಿದರೂ ಹೇಳಲು ಬರುವುದಿಲ್ಲ.